ತೊಟ್ಟಿಲ ಕೌದಿ

ಮಗು ಹುಟ್ಟುವ ಮನೆಯಲ್ಲಿ ಹೊಸ ಬಟ್ಟೆಗಿಂತ ಮೊದಲು ಹಳೆಯ ಬಟ್ಟೆಯನ್ನು ಹುಡುಕುತ್ತಾರೆ. ಅಜ್ಜಿ ಉಟ್ಟು ಸವೆಸಿದ ನೂಲಿನ ಸೀರೆ, ಅಜ್ಜನ ಧೋತರ, ತೋಳು ಹರಿದ ಅಂಗಿ, ಇವೆಲ್ಲ ಗಂಟಿನಿಂದ ಹೊರಬರುತ್ತವೆ. ಇವನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಹಾಸುಹೊದಿಕೆಯೇ ಕೌದಿ. ಧಾರವಾಡ, ಹಾವೇರಿ, ಗದಗ ಸೀಮೆಯ ಹಳ್ಳಿಗಳಲ್ಲಿ ಅನೇಕ ತಲೆಮಾರುಗಳ ಮಕ್ಕಳು ಕೌದಿಯ ಮೇಲೆಯೇ ಮಲಗಿ ಬೆಳೆದಿದ್ದಾರೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಜನಪದರ ಹಾಡು ಕಥೆಗಳಂತೆ ಅವರ ಕೈಗೆಲಸವೂ ವಿದ್ಯೆಯೆಂಬ ಮನ್ನಣೆ ಪಡೆದಿರುವ ಈ ಕಾಲದಲ್ಲಿ, ಆ ಸುತ್ತಿನ ಮನೆಮನೆಯ ಕೌದಿಯನ್ನು ಸ್ವಲ್ಪ ಗಮನವಿಟ್ಟು ನೋಡುವುದು ಉಚಿತ.

ಹಳೆಯ ಬಟ್ಟೆಯನ್ನು ಆರಿಸುವುದಕ್ಕೆ ಬಡತನವೊಂದೇ ಕಾರಣವಲ್ಲ. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸು ಇರುತ್ತದೆ. ನೂರಾರು ಸಲ ಒಗೆದ ಹತ್ತಿಯ ಬಟ್ಟೆ ಆ ಬಿರುಸನ್ನು ಕಳೆದುಕೊಂಡು ಎಳೆಯ ಚರ್ಮಕ್ಕೆ ಹಿತವಾಗುತ್ತದೆ. ತೇವವನ್ನೂ ಬೇಗನೆ ಹೀರುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯು ಮೈಯ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಆದುದರಿಂದಲೇ ಒಂದು ದಪ್ಪ ಬಟ್ಟೆಗಿಂತ ಐದು ತೆಳು ಬಟ್ಟೆಗಳ ಕೌದಿ ಹೆಚ್ಚು ಬೆಚ್ಚಗಿರುತ್ತದೆ.

ಒಂಬತ್ತು ಗಜದ ಸೀರೆಯೊಂದು ಸುಮಾರು 8 ಮೀಟರು ಉದ್ದವಿರುತ್ತದೆ. ತೊಟ್ಟಿಲ ಕೌದಿಗೆ ಮುಕ್ಕಾಲು ಮೀಟರು ಉದ್ದದ ತುಂಡುಗಳು ಸಾಕು. ಐದು ಪದರದ ಲೆಕ್ಕದಲ್ಲಿ ಒಂದು ಸೀರೆಯಿಂದ ಎರಡು ಕೌದಿಗಳಾಗಬೇಕು. ಹರಿದುಹೋದ ಭಾಗವನ್ನು ಬಿಟ್ಟರೂ ಒಂದಕ್ಕೆ ಕೊರತೆಯಿಲ್ಲ. ಮಗು ಮೇಲಿಂದ ಮೇಲೆ ಒದ್ದೆ ಮಾಡುವುದರಿಂದ ಇಂಥವು ನಾಲ್ಕಾರು ಬೇಕಾಗುತ್ತವೆ. ದಪ್ಪ ಕೌದಿ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಹೀಗಾಗಿ ಮಕ್ಕಳದು ತೆಳುವಾಗಿಯೇ ಇರಬೇಕು.

ಹೊಲಿಯುವ ಮೊದಲು ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸುತ್ತಾರೆ. ಗುಂಡಿಗಳನ್ನೂ ದಪ್ಪ ಅಂಚುಗಳನ್ನೂ ಕತ್ತರಿಸಿ ತೆಗೆಯುತ್ತಾರೆ. ಅಡಿಯ ಬಟ್ಟೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ತುಂಡುಗಳನ್ನು ಅದರ ಮೇಲೆ ಜೋಡಿಸಿ, ಮೊದಲು ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕುತ್ತಾರೆ. ಬಳಿಕ ಅಂಚಿನಿಂದ ಆರಂಭಿಸಿ ಸಾಲು ಸಾಲಾಗಿ ಒಳಕ್ಕೆ ಸಾಗುತ್ತಾರೆ. ದಾರದ ಗಂಟು ಪದರಗಳೊಳಗೆ ಅಡಗಬೇಕು. ಹೊರಗುಳಿದರೆ ಮಗುವಿನ ಮೈಗೆ ಒತ್ತುತ್ತದೆ. ಸಾಲಿನಿಂದ ಸಾಲಿಗೆ ಒಂದು ಸೆಂಟಿಮೀಟರು, ಹೊಲಿಗೆಯಿಂದ ಹೊಲಿಗೆಗೆ ಒಂದು ಸೆಂಟಿಮೀಟರು ಅಂತರವಿಟ್ಟರೂ ತೊಟ್ಟಿಲ ಕೌದಿಯೊಂದಕ್ಕೆ ಎಂಟು ಸಾವಿರಕ್ಕೂ ಮಿಕ್ಕಿ ಹೊಲಿಗೆಗಳು ಬೀಳುತ್ತವೆ. ದಾರ, ಸೂಜಿಗಳ ಹೊರತು ಖರ್ಚಿಲ್ಲವೆಂದು ಹೇಳುವವರು ಈ ಎಂಟು ಸಾವಿರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಉಳಿದ ಹಣವು ಹೊಲದ ಕೆಲಸ, ಅಡಿಗೆಯ ಕೆಲಸ ಮುಗಿದ ಮೇಲೆ ಹೆಂಗಸರು ಕೊಟ್ಟ ಮಧ್ಯಾಹ್ನಗಳ ಬೆಲೆಯೇ ಆಗಿದೆ.

ನೆರೆಯ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಸಿದ್ದಿ ಸ್ತ್ರೀಯರ ಕೌದಿಗಳು ಇನ್ನೂ ವರ್ಣಮಯವಾದವು. ನಾಲ್ಕು ಮೂಲೆಗಳಲ್ಲಿ ಮಡಿಸಿ ಹೊಲಿದ ತ್ರಿಕೋನದ ‘ಹೂವು’ ಇಲ್ಲದಿದ್ದರೆ ಕೌದಿ ಬೆತ್ತಲೆಯೆಂದೇ ಅವರ ಭಾವನೆ. ಅದರ ಹೊಟ್ಟೆ ಬರಿದಾಗಿರಬಾರದೆಂದು ಕೆಲವರು ಒಳಗೆ ನಾಲ್ಕು ಅಕ್ಕಿಕಾಳು ಇಡುವುದೂ ಉಂಟು. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ, ನವಜಾತ ಶಿಶುವಿಗಾಗಿಯೇ ಹೊಲಿಯುತ್ತಿದ್ದ ಬಿಹಾರದ ಸುಜನಿ, ಇವೆಲ್ಲ ಇದೇ ಬಳಗಕ್ಕೆ ಸೇರಿದವು.

ಹಿಂದಿನವರು ಅಷ್ಟಾಗಿ ಗಮನಿಸದ ಒಂದು ಸಂಗತಿಯನ್ನು ಇಂದಿನ ವೈದ್ಯರು ಒತ್ತಿ ಹೇಳುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಸಡಿಲವಾಗಿ ಹೊದಿಸಿದ ಬಟ್ಟೆ ಮುಖದ ಮೇಲೆ ಬಿದ್ದು ಉಸಿರಿಗೆ ಅಡ್ಡಿಯಾಗಬಹುದು. ಆದಕಾರಣ ಎಳೆಗೂಸಿಗೆ ಕೌದಿಯನ್ನು ಹೊದಿಸದೆ, ಮಡಿಕೆಯಿಲ್ಲದಂತೆ ಕೆಳಗೆ ಹಾಸುವುದೇ ಕ್ಷೇಮ.

ಈಗ ಕೊರತೆಯಾಗಿರುವುದು ಹಳೆಯ ಬಟ್ಟೆಗೇ. ದಿನನಿತ್ಯದ ಸೀರೆ ಪಾಲಿಯೆಸ್ಟರಿನದಾದ ಮೇಲೆ ಗಂಟಿನಲ್ಲಿ ಹತ್ತಿ ಕಡಿಮೆಯಾಯಿತು. ಪಾಲಿಯೆಸ್ಟರು ಬೇಗ ಹರಿಯದು, ನಿಜ. ಆದರೆ ನೀರನ್ನು ಹೀರುವುದಿಲ್ಲ, ಬೇಸಿಗೆಯಲ್ಲಿ ಮೈ ಬೆವರಿಸುತ್ತದೆ. ಅದನ್ನು ಮಕ್ಕಳ ಕೌದಿಯ ನಡುಪದರಕ್ಕೂ ಸೇರಿಸದಿರುವುದು ಲೇಸು. ನೂಲಿನ ಸೀರೆ ಸಿಕ್ಕದ ಮನೆಗಳಲ್ಲಿ ಹಳೆಯ ಧೋತರ, ಪಂಚೆ, ಹಾಸಿಗೆಯ ಚಾದರಗಳು ಒದಗುತ್ತವೆ. ಅಂಚು ಸವೆದ ಹಿಂದಿನ ಕೌದಿಯಿದ್ದರೆ ಅದನ್ನು ಬಿಚ್ಚುವ ಅಗತ್ಯವಿಲ್ಲ. ಒಗೆದು, ಅಳತೆಗೆ ಕತ್ತರಿಸಿ, ಹಾಗೆಯೇ ಒಳಗಿಟ್ಟು ಮೇಲೆ ಕೆಳಗೆ ಒಂದೊಂದು ಬಟ್ಟೆ ಹೊಲಿದರಾಯಿತು.