ಹುಡ್‌ನೊಳಗೆ ನೀರು ಬರುವುದು ಎಲ್ಲಿಂದ?

ಹೋದ ತಿಂಗಳು ಲ್ಯಾಬ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಗೆಳೆಯನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಇಂಗ್ಲೆಂಡಿನ ಒಬ್ಬರು ತಮ್ಮ ಮನೆಯ ಶೆಡ್ಡಿನಲ್ಲೇ ಕಟ್ಟಿಕೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಮೇಲೆ ಛಾವಣಿ ಇಲ್ಲ, ಬದಿಗೆ ಬಾಗಿಲೂ ಇಲ್ಲ. “ಮಳಿ ಬಂದ್ರ ಏನ್ ಮಾಡ್ತಾರಪಾ ಇವ್ರು?” ಎಂದು ಅವನು ಕೇಳಿದ. ಉತ್ತರ ನಮ್ಮ ಎದುರಿಗೇ ನಿಂತಿತ್ತು. ಹಳದಿ ಹುಡ್ ಹಾಕಿದ, ಬದಿಗೆ ಪರದೆ ಸುತ್ತಿ ಕಟ್ಟಿದ ಆಟೋ.

ಅಂಥ ಕಾರುಗಳಲ್ಲಿ ಬಹಳ ಹೆಸರಾದದ್ದು 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ತಂದ ‘ಸೆವೆನ್’. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ತಾವೇ ಜೋಡಿಸಿಕೊಂಡರೆ ಆಗ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಉಳಿಯುತ್ತಿತ್ತು. ಅದಕ್ಕೇ ಅಷ್ಟು ಜನ ಸ್ಪ್ಯಾನರ್ ಹಿಡಿದರು. ಅಂಥ ಕಾರುಗಳಿಗೆ ಮಳೆಯಿಂದ ರಕ್ಷಣೆ ಎಂದರೆ ಕಬ್ಬಿಣದ ಕಮಾನಿನ ಮೇಲೆ ಎಳೆದು ಕಟ್ಟುವ ಬಟ್ಟೆಯ ಹುಡ್ ಮತ್ತು ಎರಡೂ ಬದಿಗೆ ಪಾರದರ್ಶಕ ಕಿಟಕಿಯಿರುವ ಪರದೆ. ಹಳೆಯ ಜೀಪಿನದೂ ಇದೇ ಕಥೆ, ನಮ್ಮ ಆಟೋದ್ದೂ ಇದೇ. ಕಾರು ಕಟ್ಟುವವರು ನಮ್ಮೂರಲ್ಲಿ ಇಲ್ಲದಿರಬಹುದು, ಆದರೆ ಅದಕ್ಕೆ ಬೇಕಾದ ಹುಡ್ ಹೊಲಿಯಬಲ್ಲವರು ಜಮಖಂಡಿಯಲ್ಲಿದ್ದಾರೆ. ನನ್ನ ಮಾಮು ಅಲ್ಲಿ ಕುಶನ್ ಕೆಲಸ ಮಾಡುತ್ತಾರೆ. ಎರಡು ವರ್ಷದಿಂದ ರಜೆಯಲ್ಲಿ ಅವರ ಅಂಗಡಿಯಲ್ಲಿ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವನ್ನು ತಪ್ಪು ಮಾಡಿಯೇ ಕಲಿತೆ.

ಮೊದಲ ದಿನವೇ ನಾನು ಕೇಳಿದ ಪ್ರಶ್ನೆ: ಒಳ್ಳೆಯ ರೆಕ್ಸಿನ್ ಹಾಕಿದರೆ ನೀರು ಬರುವುದಿಲ್ಲ ಅಲ್ಲವೇ? ಮಾಮು ನಕ್ಕರು. ರೆಕ್ಸಿನ್ ಎಂದು ನಾವು ಕರೆಯುವುದು ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ಹಾಳೆ. (ಆ ಹೆಸರು ಮೊದಲು ಇಂಗ್ಲೆಂಡಿನ ಒಂದು ಕಂಪನಿಯ ಕೃತಕ ಚರ್ಮದ್ದು. ಕಂಪನಿ ಹೋಯಿತು, ಹೆಸರು ನಮ್ಮ ಬಾಯಲ್ಲಿ ಉಳಿಯಿತು.) ಅದರೊಳಗಿಂದ ಒಂದು ಹನಿಯೂ ದಾಟುವುದಿಲ್ಲ. ನೀರು ಬರುವುದು ನಾವೇ ಮಾಡಿದ ತೂತುಗಳಿಂದ. ಒಂದು ಹುಡ್‌ಗೆ 10 ಮೀಟರ್ ಹೊಲಿಗೆ ಬೀಳುತ್ತದೆ ಎಂದುಕೊಳ್ಳಿ. ಟಾಕಿಗೆ 4 ಮಿಲಿಮೀಟರ್ ಎಂದರೆ 2500 ಸೂಜಿ ತೂತು! 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸಿ ನೀರು ಹೋಗದ ಬಟ್ಟೆಗೆ ಪೇಟೆಂಟ್ ಪಡೆದಾಗಲೂ ಇದೇ ತೊಂದರೆಯಾಯಿತು. ಬಟ್ಟೆ ಸರಿ ಇತ್ತು, ದರ್ಜಿಗಳು ಅದರಿಂದ ಕೋಟು ಹೊಲಿದ ಕೂಡಲೇ ಸೂಜಿ ತೂತಿನಿಂದ ಸೋರತೊಡಗಿತು.

ಹಳೆಯ ಕ್ಯಾನ್ವಾಸ್ ಹುಡ್‌ಗಳಲ್ಲಿ ಹತ್ತಿಯ ದಾರ ಇರುತ್ತಿತ್ತು. ಹತ್ತಿ ನೀರು ಕುಡಿದು ಉಬ್ಬಿ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಹತ್ತಿ ಬೇಗ ಕೊಳೆಯುತ್ತದೆ. ಈಗ ಹಾಕುವ ಪಾಲಿಯೆಸ್ಟರ್ ದಾರ ಬಿಸಿಲು ಮಳೆ ತಡೆಯುತ್ತದೆ, ಆದರೆ ಉಬ್ಬುವುದಿಲ್ಲ. ಹಾಗಾಗಿ ಜಾಣತನವನ್ನು ಹೊಲಿಗೆಯಲ್ಲೇ ತೋರಿಸಬೇಕು. ಮಂಗಳೂರು ಹೆಂಚು ನೋಡಿ: ಮೇಲಿನ ಹೆಂಚು ಕೆಳಗಿನದರ ಮೇಲೆ ಚಾಚಿರುತ್ತದೆ. ಹುಡ್‌ನ ತುಂಡುಗಳೂ ಹಾಗೇ ಕೂರಬೇಕು. ಮೇಲಿನ ತುಂಡು ಕೆಳಗಿನದರ ಮೇಲೆ, ಮುಂದಿನ ತುಂಡು ಹಿಂದಿನದರ ಮೇಲೆ. ಗಾಡಿ ಮುಂದೆ ಓಡುವಾಗ ನೀರು ಹಿಂದಕ್ಕೆ ಸರಿಯುತ್ತದೆ, ಹಿಂದಕ್ಕೆ ತೆರೆದ ಅಂಚಿನೊಳಗೆ ಅದು ನುಗ್ಗುವುದಿಲ್ಲ. ನೆತ್ತಿಯ ಸಮತಟ್ಟು ಜಾಗದಲ್ಲಿ ಹೊಲಿಗೆ ಬರಬಾರದು, ಇಳಿಜಾರಿನಲ್ಲಿ ಬರಬೇಕು. ಒಳಗಡೆ ಹೊಲಿಗೆಯ ಉದ್ದಕ್ಕೂ ಸೊಲ್ಯೂಷನ್ ಹಚ್ಚಿ ಒಂದು ಪಟ್ಟಿ ಅಂಟಿಸಬೇಕು. ಟಾಕಿ ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಎಂದು ನಾನು ತಿಳಿದಿದ್ದೆ. ತಪ್ಪು. ಅಂಚೆ ಚೀಟಿಯ ಅಂಚಿನಂತೆ ಅಲ್ಲೇ ಹರಿಯುತ್ತದೆ.

ಇನ್ನು ಬಿಗುವು. ಹುಡ್ ಸಡಿಲವಿದ್ದರೆ ಕಮಾನುಗಳ ನಡುವೆ ಜೋಲಿ ಬೀಳುತ್ತದೆ, ನೀರು ಅಲ್ಲಿ ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ 2 ಸೆಂಟಿಮೀಟರ್ ನೀರು ನಿಂತರೆ 20 ಲೀಟರ್, ಅಂದರೆ 20 ಕಿಲೋ ಭಾರ. ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗುತ್ತದೆ, ಇನ್ನಷ್ಟು ನೀರು ನಿಲ್ಲುತ್ತದೆ. ಓಡುವಾಗ ಇದು ತಿರುವುಮುರುವು. ಬಾಗಿದ ಹುಡ್‌ನ ಮೇಲೆ ಗಾಳಿ ವೇಗವಾಗಿ ಹರಿದು ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ಬಟ್ಟೆಯನ್ನು ಮೇಲಕ್ಕೆ ಉಬ್ಬಿಸುತ್ತದೆ. ನಮ್ಮ ಫಿಸಿಕ್ಸ್ ಪುಸ್ತಕದ ಬರ್ನೌಲಿ ಇಲ್ಲಿ ಆಟೋ ಹತ್ತಿದ್ದಾನೆ. ಸಾಂದ್ರತೆ ಗುಣಿಸು ವೇಗದ ವರ್ಗ, ಅದರ ಅರ್ಧ ಎಂಬ ಸೂತ್ರ ಹಾಕಿದರೆ, ಗಂಟೆಗೆ 40 ಕಿ.ಮೀ. ವೇಗಕ್ಕೆ ಸುಮಾರು 74 ಪ್ಯಾಸ್ಕಲ್, ಅಂದರೆ ಚದರ ಮೀಟರಿಗೆ ಏಳೂವರೆ ಕಿಲೋ ತೂಕದಷ್ಟು ಬಲ. ಎದುರಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ವೇಗ ಎರಡು ಪಟ್ಟು, ಬಲ ನಾಲ್ಕು ಪಟ್ಟು, 30 ಕಿಲೋ. ಮೇ ತಿಂಗಳ ಬಿರುಗಾಳಿ ಮಳೆಯಲ್ಲಿ ಚಿಕ್ಕಪಡಸಲಗಿಯ ಕೃಷ್ಣಾ ಸೇತುವೆ ದಾಟಿದವರಿಗೆ ಹುಡ್ ಪಟಪಟ ಬಡಿದುಕೊಳ್ಳುವ ಸದ್ದು ಗೊತ್ತು. ಆ ಬಡಿತವೇ ಹೊಲಿಗೆ ಕೀಳುವುದು.

ಆದ್ದರಿಂದ ಅಳತೆ ತೆಗೆಯುವುದರಲ್ಲಿ ಮಾಮು ಅರ್ಧ ದಿನ ಕಳೆಯುತ್ತಾರೆ. ಟೇಪಿನ ಲೆಕ್ಕವನ್ನು ಅವರು ನಂಬುವುದಿಲ್ಲ. ಹಳೆಯ ಸೀರೆಯನ್ನೋ ಅಗ್ಗದ ಬಟ್ಟೆಯನ್ನೋ ಕಮಾನಿನ ಮೇಲೆ ಹೊದಿಸಿ, ಕ್ಲಿಪ್ ಹಾಕಿ ಎಳೆದು, ಸೀಮೆಸುಣ್ಣದಿಂದ ಗೆರೆ ಹಾಕುತ್ತಾರೆ. ಎರಡು ಆಟೋಗಳು ಒಂದೇ ಮಾಡೆಲ್ ಆದರೂ ಕಮಾನು ಒಂದೇ ಇರುವುದಿಲ್ಲ, ಒಂದಾದರೂ ಎಲ್ಲೋ ಬಡಿಸಿಕೊಂಡು ಸೊಟ್ಟಗಾಗಿರುತ್ತದೆ. ಕತ್ತರಿಸುವಾಗ ಹಾಸು ಗಾಡಿಯ ಉದ್ದಕ್ಕೆ ಬರುವಂತೆ ನೋಡಿಕೊಳ್ಳಬೇಕು. ರಬಕವಿ-ಬನಹಟ್ಟಿಯಿಂದ ಬರುವ ಗೆಳೆಯರಿಗೆ ಇದನ್ನು ವಿವರಿಸಬೇಕಿಲ್ಲ: ಹಾಸಿನ ಗುಂಟ, ಹೊಕ್ಕಿನ ಗುಂಟ ಎಳೆದರೆ ಬಟ್ಟೆ ತಡೆಯುತ್ತದೆ, ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ರೆಕ್ಸಿನ್ ಒಳಗಿರುವುದೂ ಬಟ್ಟೆಯೇ. ಕೊನೆಗೆ ಹುಡ್ ಏರಿಸುವುದು ಮಧ್ಯಾಹ್ನದ ಬಿಸಿಲಿನಲ್ಲಿ. ಪಿವಿಸಿ ಬಿಸಿಯಾದಾಗ ಮೆತ್ತಗಾಗಿ ಹಿಗ್ಗುತ್ತದೆ, ಆಗ ಎಳೆದು ಸ್ಕ್ರೂ ಹಾಕಿದರೆ ರಾತ್ರಿಯ ತಂಪಿಗೆ ಡೋಲಿನಂತೆ ಬಿಗಿಯುತ್ತದೆ.

ಬದಿಯ ಪರದೆಯ ವಿಷಯಕ್ಕೆ ಬಂದರೆ ನನ್ನ ತಪ್ಪನ್ನು ಹೇಳಲೇಬೇಕು. ಅಬ್ಬಾ ಚಿಕ್ಕಪಡಸಲಗಿ-ಜಮಖಂಡಿ ನಡುವೆ ಆಟೋ ಓಡಿಸುತ್ತಾರೆ. ಹೋದ ವರ್ಷ ಅವರ ಆಟೋಗೆ ಪರದೆಗಳನ್ನು ನಾನೇ ಹೊಲಿದೆ. ಕಿಟಕಿಗೆ ಒಳ್ಳೆಯ ಹಾಳೆ ದುಬಾರಿ ಎಂದು ಮೇಜಿನ ಮೇಲೆ ಹಾಸುವ ತೆಳು ಪ್ಲಾಸ್ಟಿಕ್ ತಂದು ಹಾಕಿದೆ. ಹೊಸದರಲ್ಲಿ ಗಾಜಿನಂತೆ ಇತ್ತು. ಒಂದು ಬೇಸಿಗೆ ಸುತ್ತಿಟ್ಟಲ್ಲೇ ಬಿಸಿಲಿಗೆ ಹಳದಿಯಾಗಿ, ಮಡಿಕೆಗಳಲ್ಲಿ ಬಿಳಿ ಗೆರೆ ಬಿತ್ತು. ಜೂನ್‌ನ ಮೊದಲ ಮಳೆಯ ಸಂಜೆ ಅಬ್ಬಾ ಪರದೆ ಇಳಿಸಿ ಬರುತ್ತಿದ್ದರು. ಪಕ್ಕದ ಕನ್ನಡಿ ಆ ಮಬ್ಬಿನ ಹಿಂದೆ ಕಾಣಲಿಲ್ಲ. ಎಡಕ್ಕೆ ತಿರುಗಿಸುವಾಗ ಸೈಕಲ್ ಮೇಲಿದ್ದ ಒಬ್ಬ ಶಾಲಾ ಹುಡುಗ ಗಾಲಿಗೆ ಒಂದು ಗೇಣು ದೂರದಲ್ಲಿದ್ದ. ಅಲ್ಲಾಹನ ದಯೆ, ಅವನಿಗೆ ಏನೂ ಆಗಲಿಲ್ಲ. ಅಬ್ಬಾ ಮನೆಗೆ ಬಂದು ನನ್ನನ್ನು ಬೈಯಲಿಲ್ಲ, ಪರದೆ ಬಿಚ್ಚಿ ಅಂಗಳದಲ್ಲಿಟ್ಟು ಊಟಕ್ಕೆ ಕೂತರು. ಬೈದಿದ್ದರೇ ಚೆನ್ನಾಗಿತ್ತು.

ನಮ್ಮ ಕಡೆ ಮಳೆ ಕಡಿಮೆ. ಇಲ್ಲಿ ಹುಡ್ ಸಾಯುವುದು ಬಿಸಿಲಿಗೆ. ಪಿವಿಸಿ ತಾನಾಗಿ ಗಡುಸು ವಸ್ತು. ಅದನ್ನು ಮೆತ್ತಗಿಡಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಬಿಸಿಲಿಗೆ ಅದು ಮೆಲ್ಲಗೆ ಹಾರಿಹೋಗುತ್ತದೆ, ಹಾಳೆ ಪೆಡಸಾಗಿ ಬಿರಿಯುತ್ತದೆ. ಅದಕ್ಕೇ ಕಿಟಕಿಗೆ ಅರ್ಧ ಮಿಲಿಮೀಟರಿಗಿಂತ ದಪ್ಪನೆಯ, ಬಿಸಿಲು ತಡೆಯುವ ಹಾಳೆಯೇ ಬೇಕು. ಅದನ್ನು ಮಡಚಬಾರದು, ನಡುವೆ ಮೆತ್ತನೆ ಬಟ್ಟೆ ಇಟ್ಟು ಸುತ್ತಬೇಕು. ಧೂಳಿದ್ದಾಗ ಒಣ ಬಟ್ಟೆಯಿಂದ ಒರೆಸಿದರೆ ಮರಳು ಕಾಗದ ಉಜ್ಜಿದಂತೆಯೇ, ಮೊದಲು ನೀರು ಹಾಕಬೇಕು. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬಾರದು.

ಪರದೆಯ ಕೆಳ ಅಂಚು ಬಾಡಿಯ ಹೊರಗೆ ಇಳಿಯಬೇಕು. ಅಂದವಾಗಿ ಕಾಣಲೆಂದು ಒಳಗೆ ಸಿಕ್ಕಿಸಿದರೆ ಹರಿದು ಬಂದ ನೀರೆಲ್ಲ ಸೀಟಿಗೆ. ಕನ್ನಡಿಯ ನೇರಕ್ಕೆ ಹೊಲಿಗೆಯಾಗಲಿ ಪಟ್ಟಿಯಾಗಲಿ ಬರಬಾರದು.

ಪೂರ್ತಿ ಮುಚ್ಚಿದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. ನಾಲ್ಕು ಜನರ ಉಸಿರಿನ ತೇವ ತಣ್ಣನೆಯ ಹಾಳೆಗೆ ತಾಗಿ ಮಂಜು ಕಟ್ಟುತ್ತದೆ. ಅದಕ್ಕಿಂತ ಅಪಾಯ ಹಿಂದಿನದು. ಓಡುವ ಗಾಡಿಯ ಹಿಂಬದಿಯಲ್ಲಿ ಒತ್ತಡ ಕಡಿಮೆ, ಅಲ್ಲಿ ಗಾಳಿ ಸುಳಿ ತಿರುಗಿ ಸೈಲೆನ್ಸರಿನ ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬದಿ ಮುಚ್ಚಿ ಹಿಂದೆ ಸಂದು ಬಿಟ್ಟರೆ ಆ ಹೊಗೆ ಒಳಗೆ ಬರುತ್ತದೆ. ಹುಡ್ ಏರಿಸಿ ಬದಿಯ ಪರದೆ ಹಾಕಿದ ಸ್ಪೋರ್ಟ್ಸ್ ಕಾರಿಗೂ ಇದೇ ಕಾಟ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಹಿಂದೆ ಬಿಗಿಯಾಗಿ ಮುಚ್ಚಬೇಕು, ಮುಂದೆ ಒಂದು ಸಂದು ಬಿಡಬೇಕು. ಮಳೆಯಲ್ಲಿ ಪರದೆ ಇಳಿಸಿ, ಎಂಜಿನ್ ಚಾಲೂ ಇಟ್ಟು ಸವಾರಿಗೆ ಕಾಯುವುದನ್ನಂತೂ ಯಾರೂ ಮಾಡಬಾರದು.

ಕೆಲಸ ಮುಗಿದ ಮೇಲೆ ಮಾಮು ಮೇಲಿಂದ ನಾಲ್ಕು ಕೊಡ ನೀರು ಸುರಿಸಿ, ತಾವು ಒಳಗೆ ಟಾರ್ಚ್ ಹಿಡಿದು ಕೂರುತ್ತಾರೆ. ಹನಿ ಬಿದ್ದ ಜಾಗವನ್ನು ಬಿಟ್ಟು, ಅದಕ್ಕಿಂತ ಮೇಲೆ ಹುಡುಕುತ್ತಾರೆ. ಒಳಗೆ ಬಂದ ನೀರು ಕಮಾನಿನ ಗುಂಟ ಹರಿದು ಎಲ್ಲೋ ದೂರ ಹೋಗಿ ತೊಟ್ಟಿಕ್ಕುತ್ತದೆ.

ಅಬ್ಬಾನ ಆಟೋಗೆ ಹೊಸ ಪರದೆ ಹೊಲಿದಿದ್ದೇವೆ, ಈ ಸಲ ಹಾಳೆ ಆರಿಸಿದ್ದು ಮಾಮು. ಕನ್ನಡಿ ಕಾಣುತ್ತದೆ. ಬಲಗಡೆಯ ಒಂದು ಬಟನ್ ಬಳಿ ಇನ್ನೂ ಹನಿ ಬೀಳುತ್ತಿದೆ, ಮಿರಗದ ಮಳೆಗೆ ಮುಂಚೆ ಅದನ್ನು ಬಿಚ್ಚಿ ನೋಡಬೇಕು.