ಅಮರ್ಜಾ ಹಿಡಿದು ಭೀಮೆಯ ತನಕ

ಕಲಬುರಗಿ ನೋಡಲು ಬಂದ ಪರಸ್ಥಳದವರಿಗೆ ಆಟೋದವರು ತೋರಿಸುವುದು ಬಹುತೇಕ ಅವೇ ಜಾಗ: ಕೋಟೆ, ಖಾಜಾ ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಹೊತ್ತು ಉಳಿದರೆ ಬುದ್ಧ ವಿಹಾರ. ಸಂಜೆ ರೈಲಿಗೆ ವಾಪಸ್. ಹೀಗೆ ನೋಡಿದವರಿಗೆ ನಗರವೇನೋ ಸಿಗುತ್ತದೆ, ಅದರ ಸೀಮೆ ಸಿಗುವುದಿಲ್ಲ. ಅದೇ ಒಂದು ದಿನವನ್ನು ಬೆಳಗಿನ ಜಾವಕ್ಕೇ ಶುರು ಮಾಡಿ, ಆಳಂದದ ಮಡ್ಡಿ ಹತ್ತಿ, ಅಮರ್ಜಾ ಹೊಳೆಯ ದಿಕ್ಕು ಹಿಡಿದು ಅಫಜಲಪುರ ತಾಲ್ಲೂಕಿಗೆ ಇಳಿದು, ಭೀಮೆ ದಾಟಿ ಜೇವರ್ಗಿ ಮುಟ್ಟಿ ಬರಬಹುದು. ಸುತ್ತು ಸುಮಾರು 200 ಕಿ.ಮೀ. ಒಂದು ಬಾಡಿಗೆ ಗಾಡಿ, ದಾರಿ ಬಲ್ಲ ಡ್ರೈವರ್ ಇದ್ದರೆ ಸಾಕು.

ಕೋಟೆಗೆ ಬಿಸಿಲೇರುವ ಮುಂಚೆಯೇ ಹೋಗಬೇಕು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ರಾಜಧಾನಿ ಮಾಡಿಕೊಂಡ ಊರಿದು. ಗೋಡೆ ಸುತ್ತಿ, ಬಾಲಾ ಹಿಸಾರ್ ಎದುರು ನಿಂತು, 29 ಅಡಿ ಉದ್ದದ ತೋಪಿನ ಮುಂದೆ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು. ನನ್ನನ್ನು ಕೇಳಿದರೆ ತೋಪಿಗೆ ಐದು ನಿಮಿಷ ಸಾಕು, ಜಾಮಿ ಮಸೀದಿಗೆ ಅರ್ಧ ತಾಸು ಕೊಡಿ. 1367ರಲ್ಲಿ ಕಟ್ಟಿದ ಈ ಮಸೀದಿಗೆ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಗುಮ್ಮಟಗಳ ಮಾಡು ಹೊದಿಸಿದ್ದಾರೆ. ಭಾರತದ ಹಳೆಯ ಮಸೀದಿಗಳಲ್ಲಿ ಇಂಥದ್ದು ಅಪರೂಪ. ಕಟ್ಟಿದವನು ಇರಾನಿನ ಕಜ್ವೀನ್ ಕಡೆಯ ರಫಿ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಹೊರಗೆ ಮೇ ತಿಂಗಳ ಕೆಂಡದಂಥ ಬಿಸಿಲಿದ್ದರೂ ಒಳಗೆ ತಂಪು. ಈ ಊರಿನ ಬಿಸಿಲು ಗೊತ್ತಿದ್ದವನೇ ಮಾಡಿದ ಲೆಕ್ಕ ಅದು ಎಂದು ಅನ್ನಿಸದೆ ಇರದು.

ಆಳಂದ ರಸ್ತೆಯಲ್ಲಿ ಮೊದಲು ಸಿಗುವುದು ಕಡಗಂಚಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಆದರೆ ಮಹಾರಾಷ್ಟ್ರದ ಭಕ್ತರು ಈ ಊರಿನ ಹೆಸರು ಕೇಳಿ ಕೈ ಮುಗಿಯುವುದು ಬೇರೆ ಕಾರಣಕ್ಕೆ. ದತ್ತಾತ್ರೇಯರ ಅವತಾರವೆಂದು ಭಕ್ತರು ನಂಬುವ ಗಾಣಗಾಪುರದ ನೃಸಿಂಹ ಸರಸ್ವತಿಯವರ ಶಿಷ್ಯ ಸಾಯಂದೇವನ ಊರು ಇದು. ಅವನ ವಂಶದ ಸರಸ್ವತಿ ಗಂಗಾಧರ ಬರೆದದ್ದೇ ಮರಾಠಿಯ ‘ಗುರುಚರಿತ್ರೆ’, ದತ್ತ ಭಕ್ತರು ಏಳು ದಿನ ಪಾರಾಯಣ ಮಾಡುವ ಗ್ರಂಥ. ಮರಾಠಿ ಓವಿಗಳ ನಡುವೆ ಒಂದು ಅಧ್ಯಾಯದಲ್ಲಿ ಅಚ್ಚ ಕನ್ನಡ ಪದಗಳೂ ಬರುತ್ತವೆ. ಪುಣೆ, ನಾಗಪುರದ ಮನೆಗಳಲ್ಲಿ ಕನ್ನಡ ಬಾರದವರೂ ಅವನ್ನು ದೇವನಾಗರಿಯಲ್ಲಿ ಓದಿ ಹೇಳುತ್ತಾರೆ. ನಮ್ಮ ಪಠ್ಯಪುಸ್ತಕಗಳು ಈ ಸಂಗತಿಯನ್ನು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಕಡಗಂಚಿ ದಾಟಿದ ಮೇಲೆ ನೆಲ ಏರುತ್ತದೆ. ಮಲೆನಾಡಿನ ಬೆಟ್ಟ ನೆನೆದುಕೊಂಡು ಬಂದವರಿಗೆ ನಿರಾಸೆಯಾದೀತು. ಇಲ್ಲಿ ಎತ್ತರವೆಂದರೆ ಮಡ್ಡಿ: ಕರಿಕಲ್ಲು ಹಾಸಿದ, ಗಿಡ ಕಡಿಮೆ ಇರುವ, ಗಾಳಿ ಬೀಸುವ ನೆಲ. ಮಡ್ಡಿಯಿಂದ ಕೆಳಗಿಳಿದರೆ ಎರೆಭೂಮಿ, ಅದರ ತುಂಬ ತೊಗರಿ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಗುಲಬರ್ಗಾ ತೊಗರಿ ಬೇಳೆ ಇಂಥ ನೆಲದ್ದೇ. ನವೆಂಬರ್ ಹೊತ್ತಿಗೆ ಬಂದರೆ ಹಳದಿ ಹೂವು ಬಿಟ್ಟ ಹೊಲಗಳನ್ನು ಈ ಎತ್ತರದಿಂದ ಬಹುದೂರದವರೆಗೆ ಕಾಣಬಹುದು. ಕೋರಳ್ಳಿ ಬಳಿ ಅಮರ್ಜಾಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ದೊಡ್ಡ ಜಲಾಶಯವೇನಲ್ಲ. ಆದರೆ ಇಡೀ ದಿನದ ದಾರಿ ಈ ನೀರಿನದ್ದೇ ಆದ್ದರಿಂದ ಹತ್ತು ನಿಮಿಷ ಇಳಿದು ನೋಡುವುದು ಒಳ್ಳೆಯದು.

ಆಳಂದ ಪಟ್ಟಣದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಅದೇ ಆವರಣದಲ್ಲಿ ರಾಘವ ಚೈತನ್ಯರ ಸಮಾಧಿ. ತುಕಾರಾಮರು ತಮ್ಮ ಗುರುಪರಂಪರೆ ಹೇಳುವಾಗ ರಾಘವ ಚೈತನ್ಯ, ಕೇಶವ ಚೈತನ್ಯ, ಬಾಬಾಜಿ ಎಂದು ಹೆಸರಿಸುತ್ತಾರಲ್ಲ, ಆ ರಾಘವ ಚೈತನ್ಯರು ಇವರೇ ಎಂಬುದು ನಂಬಿಕೆ. ಈಚಿನ ವರ್ಷಗಳಲ್ಲಿ ಇಲ್ಲಿಯ ಶಿವರಾತ್ರಿ ಪೂಜೆ ಕೋರ್ಟು ಮೆಟ್ಟಿಲೇರಿ, ಪೊಲೀಸ್ ಬಂದೋಬಸ್ತಿನಲ್ಲಿ ನಡೆಯುವಂತಾಗಿದೆ. ಹಾಗಾಗಿ ಉರುಸು, ಶಿವರಾತ್ರಿಯ ದಿನಗಳನ್ನು ಬಿಟ್ಟು ಬೇರೆ ದಿನ ಬಂದರೆ ನಿಧಾನವಾಗಿ ನೋಡಬಹುದು. ಸುದ್ದಿಯಲ್ಲಿ ಕೇಳಿದ ಆಳಂದಕ್ಕಿಂತ ಸಾಮಾನ್ಯ ದಿನದ ಆಳಂದ ಎಷ್ಟೋ ಸಮಾಧಾನದ ಊರು.

ಇಲ್ಲಿಂದ ಗಡಿಬಿಡಿ ಮಾಡಬೇಕು. ಗಾಣಗಾಪುರವನ್ನು ನಡು ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಅರ್ಧ ಗಾಣಗಾಪುರ ತಪ್ಪಿದಂತೆ. ಕಾರಣ ಮಧುಕರಿ. ದತ್ತಾತ್ರೇಯರು ಯಾವುದೋ ವೇಷದಲ್ಲಿ ಆ ಹೊತ್ತಿಗೆ ಭಿಕ್ಷೆಗೆ ಬರುತ್ತಾರೆ ಎಂಬ ನಂಬಿಕೆ ಇಲ್ಲಿಯದು. ಹಾಗಾಗಿ ಕಾರಿನಲ್ಲಿ ಬಂದ ಸಾಹುಕಾರನೂ ಹೆಗಲಿಗೆ ಜೋಳಿಗೆ ಹಾಕಿ ಐದು ಮನೆ ತಿರುಗುತ್ತಾನೆ. ಬೇಡುವವರಿಗೆ ನೀಡಲು ಇನ್ನೊಬ್ಬ ಭಕ್ತ ರೊಟ್ಟಿ, ಅನ್ನ ಹಿಡಿದು ಕಾಯುತ್ತಾನೆ. ಯಾರು ಬಡವ, ಯಾರು ಬಲ್ಲಿದ ಎಂಬುದು ಆ ಒಂದು ತಾಸು ಗೊತ್ತಾಗುವುದಿಲ್ಲ. ಊರಿನೊಳಗಿನ ಮಠದಲ್ಲಿ ನಿರ್ಗುಣ ಪಾದುಕೆಗಳ ದರ್ಶನ; ಚಿಕ್ಕ ಕಿಂಡಿಯಲ್ಲಿ ಬಗ್ಗಿ ನೋಡಬೇಕು. ಮಂಗಳಾರತಿಯ ಹೊತ್ತಿಗೆ ಮೈಮೇಲೆ ಬಂದವರು ಕಂಬ ಹಿಡಿದು ಕೂಗುವುದುಂಟು. ಅದನ್ನು ತಮಾಷೆಯಂತೆ ನೋಡಬಾರದು, ಮೊಬೈಲ್ ಹಿಡಿದು ಚಿತ್ರೀಕರಿಸುವುದಂತೂ ಸಲ್ಲದು. ಅವರು ಯಾರದೋ ಮನೆಯ ಹೆಣ್ಣುಮಗಳು, ಯಾರದೋ ಮಗ.

ಊರ ಹೊರಗೆ ಸಂಗಮ. ಬೆಳಿಗ್ಗೆ ಕೋರಳ್ಳಿಯಲ್ಲಿ ಕಂಡ ಅಮರ್ಜಾ ಇಲ್ಲಿ ಭೀಮೆಯನ್ನು ಸೇರುತ್ತದೆ. ದಂಡೆಯಲ್ಲಿ ಅತ್ತಿ ಮರ, ಅದರ ನೆರಳಲ್ಲಿ ಗುರುಚರಿತ್ರೆಯ ಪಾರಾಯಣಕ್ಕೆ ಕೂತವರು. ಬೇಸಿಗೆಯಲ್ಲಿ ಭೀಮೆ ಸೊರಗಿ ಕುಂಟೆಗಳಾಗಿರುತ್ತಾಳೆ. 2020ರ ಅಕ್ಟೋಬರಿನಲ್ಲಿ ಅದೇ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿತ್ತು.

ಕಾಲದ ಲೆಕ್ಕವನ್ನೂ ಇಲ್ಲಿ ಕೂತು ಹಾಕಬೇಕು. ಬಂದೇನವಾಜರು ತೀರಿದ್ದು 1422ರಲ್ಲಿ. ಸುಲ್ತಾನ ಫಿರೋಜ್ ಷಾ ತೀರಿದ್ದೂ ಅದೇ ವರ್ಷ. ನೃಸಿಂಹ ಸರಸ್ವತಿಯವರು ಗಾಣಗಾಪುರದಲ್ಲಿ ನೆಲೆಸಿದ್ದು ಅದೇ ಶತಮಾನದಲ್ಲಿ, ಅದೇ ಬಹಮನಿ ರಾಜ್ಯದಲ್ಲಿ. ಮೈಮೇಲಿನ ಹುಣ್ಣು ವಾಸಿಯಾಗಲೆಂದು ಬೀದರಿನ ಸುಲ್ತಾನ ಗುರುಗಳಲ್ಲಿಗೆ ಬಂದ ಕಥೆ ಗುರುಚರಿತ್ರೆಯಲ್ಲೇ ಇದೆ. ದರ್ಗಾದ ಮಾರ್ಗದರ್ಶಿ ಒಂದು ಕಥೆ, ಮಠದ ಪೂಜಾರಿ ಇನ್ನೊಂದು ಕಥೆ ಹೇಳುತ್ತಾರೆ. ಎರಡನ್ನೂ ಒಂದೇ ದಿನ ಕೇಳಿದವರಿಗೆ ಮಾತ್ರ ಇವು ಒಂದೇ ಕಾಲದ, ಒಂದೇ ಸೀಮೆಯ ಕಥೆಗಳೆಂದು ಹೊಳೆಯುತ್ತದೆ. ಈ ಪ್ರವಾಸದ ಫಲ ಇಷ್ಟೇ, ಆದರೆ ಇದು ಸಣ್ಣದಲ್ಲ.

ಊಟ ಖಾನಾವಳಿಯಲ್ಲೇ ಆಗಲಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ.

ಚೌಡಾಪುರದ ಮೇಲೆ ಹಾದು ಜೇವರ್ಗಿ ರಸ್ತೆಗೆ ಬಂದರೆ ಫಿರೋಜಾಬಾದ್ ಸಿಗುತ್ತದೆ. ಇದು ಕಲಬುರಗಿ ತಾಲ್ಲೂಕಿಗೇ ಸೇರಿದ್ದು. 1400ರ ಆಸುಪಾಸಿನಲ್ಲಿ ಫಿರೋಜ್ ಷಾ ಭೀಮೆಯ ದಂಡೆಯಲ್ಲಿ ಕಟ್ಟಿಸಿದ ಅರಮನೆ ನಗರ. ಮೂರು ದಿಕ್ಕಿಗೆ ಕಲ್ಲಿನ ಗೋಡೆ, ನಾಲ್ಕನೆಯ ದಿಕ್ಕಿಗೆ ಹೊಳೆಯೇ ಕಾವಲು. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಈಗ ಅಗಸೆ ಬಾಗಿಲು, ಮಸೀದಿ, ಹಮ್ಮಾಮುಗಳ ನಡುವೆ ಬೆಳೆ, ಜಾಲಿ ಕಂಟಿ. ಹಂಪಿಗೆ ಸಾವಿರ ಕ್ಯಾಮೆರಾ ತಿರುಗುವ ನಾಡಿನಲ್ಲಿ ಇದನ್ನು ಕೇಳುವವರಿಲ್ಲ. ಈ ಸುತ್ತಿನಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವ ಜಾಗವೂ ಇದೇ, ಅತಿ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವ ಜಾಗವೂ ಇದೇ.

ಕಟ್ಟಿಸಂಗಾವಿ ಸೇತುವೆ ದಾಟಿದರೆ ಜೇವರ್ಗಿ. ಅಖಂಡೇಶ್ವರರ ಶಿಷ್ಯರಾಗಿ, ಅವರ ಹೆಸರನ್ನೇ ಅಂಕಿತ ಮಾಡಿಕೊಂಡು 700ಕ್ಕೂ ಹೆಚ್ಚು ವಚನ ಬರೆದ ಷಣ್ಮುಖ ಶಿವಯೋಗಿಗಳ ಊರು. ಹನ್ನೆರಡನೇ ಶತಮಾನಕ್ಕೇ ವಚನ ನಿಂತುಹೋಯಿತೆಂದು ತಿಳಿದವರು ಇಲ್ಲಿಗೆ ಬರಬೇಕು. ಷಣ್ಮುಖರು ಹದಿನೇಳನೇ ಶತಮಾನದವರು. ಕಲಬುರಗಿಯ ದಾಸೋಹಿ ಶರಣಬಸವೇಶ್ವರರು (1746–1822) ಹುಟ್ಟಿದ ಅರಳಗುಂಡಗಿಯೂ ಹಳೆಯ ಜೇವರ್ಗಿ ತಾಲ್ಲೂಕಿನದೇ. ಹೊಲಕ್ಕೆ ಬಿದ್ದ ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟರು ಎಂಬ ಕಥೆ ಆ ಊರಿನದು. ಒಂದೇ ದಿನದಲ್ಲಿ ಅಲ್ಲಿಗೆ ಹೋಗುವುದು ಕಷ್ಟ. ಆದರೆ ರಾತ್ರಿ ಕಲಬುರಗಿಗೆ ಮರಳಿ ಅವರ ಗುಡಿಯ ದಾಸೋಹದಲ್ಲಿ ಪ್ರಸಾದಕ್ಕೆ ಕೂತರೆ ಆ ಬಾಕಿ ತೀರುತ್ತದೆ.

ಹೋಗುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರುವರಿ ಈ ಕಡೆ ಹಿತವಾದ ಕಾಲ. ಅಮಾವಾಸ್ಯೆ, ಹುಣ್ಣಿಮೆ, ಗುರುವಾರಗಳಂದು ಗಾಣಗಾಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಮಯ ಸಾಲದೆ ಏನನ್ನಾದರೂ ಬಿಡಲೇಬೇಕಾಗಿ ಬಂದರೆ ನಗರದ ಕೋಟೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ, ಫಿರೋಜಾಬಾದನ್ನು ಬಿಡಬೇಡಿ.