ವೈಫೈಯ ಗೆರೆಗಳು ಅರಿಯದ ಸಂಗತಿ

ಈಗ ತೆರೆದು ಮರುಕ್ಷಣದಲ್ಲಿ ಸ್ತಬ್ಧವಾಗುವ ಜಾಲತಾಣಗಳ ವಿಷಯದಲ್ಲಿ ನಮ್ಮ ಜನರಲ್ಲಿ ಬೇರೂರಿರುವ ನಂಬಿಕೆಗಳ ಪೈಕಿ ಅಗ್ರಗಣ್ಯವಾದುದು, ಫೋನಿನಲ್ಲಿ ವೈಫೈಯ ಗೆರೆಗಳು ತುಂಬಿದ್ದರೆ ಇಂಟರ್ನೆಟ್ಟೂ ಸರಿಯಾಗಿರಲೇಬೇಕೆಂಬುದು. ವಾಸ್ತವದಲ್ಲಿ ಆ ಗೆರೆಗಳು ಫೋನಿಗೂ ಮನೆಯ ರೂಟರಿಗೂ ನಡುವಣ ಸಂಬಂಧವನ್ನಷ್ಟೇ ಸೂಚಿಸುವುವು. ರೂಟರಿನಿಂದ ಹೊರಟು ಬೀದಿಯ ಕಂಬವನ್ನೇರಿದ ಕೇಬಲ್ಲಿನ ಅವಸ್ಥೆಯನ್ನು ಅವು ಅರಿಯವು. 2025ರ ಆಗಸ್ಟಿನಲ್ಲಿ ಹೈದರಾಬಾದಿನ ರಾಮಂತಾಪುರದಲ್ಲಿ ಕೃಷ್ಣಾಷ್ಟಮಿಯ ರಥಕ್ಕೆ ವಿದ್ಯುತ್ತು ತಗುಲಿ ಐವರು ಅಸುನೀಗಿದ ತರುವಾಯ, ನಗರದ ಕಂಬಗಳಲ್ಲಿ ಜೋಲುತ್ತಿದ್ದ ಕೇಬಲ್ಲುಗಳನ್ನು ಕತ್ತರಿಸತೊಡಗಲು, ಅನೇಕ ಬಡಾವಣೆಗಳಲ್ಲಿ ಇಂಟರ್ನೆಟ್ಟು ನಿಂತುಹೋಯಿತು. ಹಾಗೆ ಕೇಬಲ್ಲು ತುಂಡಾದ ಮನೆಯಲ್ಲಿಯೂ, ರೂಟರಿಗೆ ಕರೆಂಟು ಇರುವ ತನಕ, ಗೆರೆಗಳು ಪೂರ್ಣವಾಗಿಯೇ ತೋರುತ್ತಿರುತ್ತವೆ. ಆದುದರಿಂದ ವೈಫೈಯನ್ನು ನಿಲ್ಲಿಸಿ, ಮೊಬೈಲ್ ಡೇಟಾದಲ್ಲಿ ಅದೇ ತಾಣವನ್ನು ತೆರೆದು ನೋಡತಕ್ಕದ್ದು. ತೆರೆದರೆ ದೋಷವು ಬಹುಮಟ್ಟಿಗೆ ಮನೆಯ ಸಂಪರ್ಕದ್ದು. ಎರಡರಲ್ಲಿಯೂ ಅದೊಂದೇ ತಾಣ ಮೊಂಡು ಹಿಡಿದರೆ ಬಹುಶಃ ತಾಣದ್ದೇ.

ಎರಡನೆಯ ನಂಬಿಕೆ ರಿಫ್ರೆಶ್ ಗುಂಡಿಯ ಮೇಲಿನದು. ಕಾಚಿಗುಡಾದಿಂದ ಬೆಂಗಳೂರಿಗೆ ತತ್ಕಾಲ್ ಟಿಕೆಟ್ಟು ಬೇಕಾದವರು, ಎಸಿ ದರ್ಜೆಗಾದರೆ ಮುನ್ನಾದಿನ ಬೆಳಿಗ್ಗೆ 10 ಗಂಟೆಗೆ, ಉಳಿದುದಕ್ಕೆ 11 ಗಂಟೆಗೆ, ದೇಶದ ಅಸಂಖ್ಯ ಪ್ರಯಾಣಿಕರೊಡನೆ ಏಕಕಾಲದಲ್ಲಿ ಮುಗಿಬೀಳುತ್ತಾರಷ್ಟೆ. ಆಗ ಪುಟ ತಡೆದುದೇ ತಡ, ಬೆರಳು ಆ ಗುಂಡಿಯ ಮೇಲೆ ಕುಣಿಯತೊಡಗುತ್ತದೆ. ಪ್ರತಿಯೊಂದು ಒತ್ತೂ ಸರ್ವರಿಗೆ ಹೊಸದೊಂದು ಕೋರಿಕೆಯಾಗಿ ಭಾರವನ್ನು ಹೆಚ್ಚಿಸುವುದೇ ಹೊರತು ಸರದಿಯಲ್ಲಿ ನಮ್ಮನ್ನು ಮುಂದೆ ತಳ್ಳುವುದಿಲ್ಲ. ಪರದೆಯ ಮೇಲಣ ಅಂಕಿಯನ್ನಾದರೂ ಓದಬಾರದೇ? 503 ಎಂದರೆ ಸರ್ವರು ಸದ್ಯಕ್ಕೆ ಸೇವೆ ಸಲ್ಲಿಸಲಾರದು. 504 ಎಂದರೆ ನಡುವಣ ಸರ್ವರಿಗೆ ಹಿಂದಿನ ಸರ್ವರಿನಿಂದ ಸಕಾಲಕ್ಕೆ ಉತ್ತರ ಬರಲಿಲ್ಲ. 5ರಿಂದ ಆರಂಭವಾಗುವ ಇಂಥ ಸಂಖ್ಯೆಗಳೆಲ್ಲ ತೊಡಕು ಆಚೆಯದೆಂದು ಸಾರುವಾಗ, ಬ್ರೌಸರನ್ನು ಅಳಿಸಿ ಪುನಃ ಹಾಕಿಕೊಳ್ಳುವುದು ವ್ಯರ್ಥಶ್ರಮ. ಹಣ ಪಾವತಿಯ ಹಂತದಲ್ಲಿ ಪುಟ ನಿಂತರಂತೂ, ಖಾತೆಯನ್ನು ನೋಡುವುದಕ್ಕೆ ಮೊದಲು ಏನನ್ನೂ ಒತ್ತಬಾರದು.

ಹಿಸ್ಟರಿಯನ್ನು ಅಳಿಸಿದರೆ ಸಕಲವೂ ಸರಿಹೋಗುವುದೆಂಬುದೂ ಪೊಳ್ಳು ಮಾತೇ. ಅದು ನಾವು ಭೇಟಿಯಿತ್ತ ತಾಣಗಳ ಪಟ್ಟಿ ಮಾತ್ರ. ತೊಡಕನ್ನುಂಟುಮಾಡಬಲ್ಲವು ಹಳತಾದ ಕ್ಯಾಶೆ ಮತ್ತು ಕುಕೀಗಳು. ಆ ಒಂದು ತಾಣದವುಗಳನ್ನಳಿಸಿದರೆ ಸಾಕು. ಇನ್‌ಕಾಗ್ನಿಟೋ ಕಿಟಕಿಯು ಹಳೆಯ ಕುಕೀಗಳಿಲ್ಲದೆ ತೆರೆಯುವುದರಿಂದ ಪರೀಕ್ಷೆಗೆ ಒಳ್ಳೆಯದು. ಆದರೆ ಅದು ನಮ್ಮನ್ನು ಇಂಟರ್ನೆಟ್ ಕಂಪನಿಯ ಕಣ್ಣಿನಿಂದ ಮರೆಮಾಡುತ್ತದೆಂಬುದು ಭ್ರಮೆ.

ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಹಲವು ತಾಣಗಳಲ್ಲಿ ಒಟ್ಟಿಗೆ ಬಂದರೆ, ಮೊದಲು ಫೋನಿನ ದಿನಾಂಕವನ್ನು ನೋಡಬೇಕು. ದಿನಾಂಕ ಸರಿಯಿದ್ದೂ ಎಚ್ಚರಿಕೆ ಹೋಗದಿದ್ದಲ್ಲಿ ಕಾರ್ಡಿನ ಸಂಖ್ಯೆಯನ್ನು ಅಲ್ಲಿ ನಮೂದಿಸಕೂಡದು.

ದೂರು ಕೊಡುವಾಗ “ನೆಟ್ ಬರ್ತಿಲ್ಲ” ಎಂದಷ್ಟೇ ಹೇಳಿ ಫೋನಿಡದೆ, ಯಾವ ತಾಣ, ಪರದೆಯಲ್ಲಿ ಯಾವ ದೋಷಸಂಖ್ಯೆ, ಎಷ್ಟು ಗಂಟೆಗೆ, ಮೊಬೈಲ್ ಡೇಟಾದಲ್ಲಿ ತೆರೆಯಿತೇ ಎಂಬ ನಾಲ್ಕು ವಿವರಗಳನ್ನು ದಯವಿಟ್ಟು ತಿಳಿಸಿರಿ.